ಚಿನ್ನ ಮುಗಿದ ಮೇಲೂ ಊರಿದೆ

ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲು ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ದಾಟುವ ಹೊತ್ತಿಗೆ ಬಾಗಿಲಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಕಿಟಕಿಯ ಕಂಬಿಗಳಲ್ಲಿ ಊಟದ ಡಬ್ಬಿಯ ಚೀಲಗಳು ನೇತಾಡುತ್ತಿರುತ್ತವೆ. ಒಳಗಿರುವವರಲ್ಲಿ ಬಹಳಷ್ಟು ಮಂದಿ ಕೆಜಿಎಫ್ ಚಿನ್ನದ ಗಣಿಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು. ಸಿನಿಮಾ ನೋಡಿ ಕೆಜಿಎಫ್ ತಿಳಿದವರು ಅದನ್ನು ಸತ್ತ ಊರು ಎನ್ನುತ್ತಾರೆ. ಸತ್ತ ಊರು ದಿನಾ ಬೆಳಿಗ್ಗೆ ಇಷ್ಟು ಜನರನ್ನು ದುಡಿಯಲು ಕಳಿಸುತ್ತದೆಯೇ?

ದೇವನಹಳ್ಳಿ, ಹೊಸಕೋಟೆಯ ನಮ್ಮ ಸೀಮೆಗೂ ಆ ಊರಿಗೂ ನಂಟು ಹಳೆಯದು. ಅಲ್ಲಿನ ಒಂದು ಗಣಿಯ ಹೆಸರೇ ನಂದಿದುರ್ಗ. ದೇವನಹಳ್ಳಿಯಿಂದ ಕಾಣುವ ಬೆಟ್ಟದ ಹೆಸರು, ಅಷ್ಟು ದೂರದ ಸುರಂಗಕ್ಕೆ!

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗಾರಿಕೆ ಗಟ್ಟಿಯಾಗಿ ನೆಲೆಯೂರಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ನೇರ ಅಲ್ಲಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಸಂಗತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕರೆಂಟ್ ಬಂದದ್ದು ಕಂಪನಿಯ ಯಂತ್ರಗಳಿಗಾಗಿ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದವರು ಕಂಪನಿಯ ಲೈನ್ ಮನೆಗಳಲ್ಲಿ ಸಂಸಾರ ಹೂಡಿದರು. ಅವರಲ್ಲಿ ದಲಿತರೇ ಹೆಚ್ಚು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರುಂಟು. ಬದುಕಿ ಮೇಲೆ ಬಂದ ಎಷ್ಟೋ ಮಂದಿ ಕಲ್ಲಿನ ದೂಳು ಎದೆಯಲ್ಲಿ ಕೂತು, ಸಿಲಿಕೋಸಿಸ್‌ನಿಂದ ಕೆಮ್ಮುತ್ತ ಕೆಮ್ಮುತ್ತ ಹೋದರು. ಇಂಥ ಕೆಲಸಕ್ಕಿದ್ದವರನ್ನೇ ಕಂಪನಿ ಕಳ್ಳರಂತೆ ಕಂಡಿತು. 1930ರಲ್ಲಿ ಬೆರಳಚ್ಚು ಕೊಡಿ ಎಂದಾಗ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ಕೂತರು. ನನ್ನ ಮಟ್ಟಿಗೆ ಆ ಊರಿನ ಚರಿತ್ರೆಯಲ್ಲಿ ಚಿನ್ನಕ್ಕಿಂತ ತೂಕದ ಪುಟ ಅದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳದ ಜೊತೆಗೆ ಕಂಪನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಆದರೂ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಕದಲಲಿಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಿ ಮಿಗುವುದೇನು? ಹೊತ್ತು ಮೂಡುವ ಮುಂಚೆ ಎದ್ದು ರೈಲು ಹತ್ತುವುದೇ ವಾಸಿ ಎಂದು ಗಂಡಸರೂ ಹೆಂಗಸರೂ ಹೊರಟರು.

ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಮಣ್ಣು ರಾಶಿಬಿದ್ದ ಸೈನೈಡ್ ಗುಡ್ಡಗಳ ದೂಳು ಈಗಲೂ ಆ ಮನೆಗಳ ಮೇಲೇ ಬೀಳುತ್ತದೆ. ಆ ಗುಡ್ಡಗಳಲ್ಲಿ ಉಳಿದ ಚಿನ್ನವನ್ನು ಸೋಸಿ ತೆಗೆಯಲು ಟೆಂಡರ್ ಕರೆಯುವ ಮಾತು ಸರ್ಕಾರದ ಮಟ್ಟದಲ್ಲಿ ಆಗಾಗ ಏಳುತ್ತದೆ. ತೆಗೆಯಲಿ. ಆದರೆ ಹಳೆಯ ಕಾರ್ಮಿಕರು ವರ್ಷಗಟ್ಟಲೆ ಕೇಳುತ್ತ ಬಂದಿರುವ ಬಾಕಿ ಹಣ ಮತ್ತು ಮನೆಯ ಹಕ್ಕಿನ ಪ್ರಶ್ನೆ ಆ ಟೆಂಡರಿಗಿಂತ ಮೊದಲು ತೀರಬೇಕು.