ಹರಿಗೋಲನ್ನು ಎಲ್ಲಿಡಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆಯವನೊಬ್ಬ ದೋಣಿಯ ವಿಷಯವಾಗಿ ಬರೆಯಲು ಕುಳಿತರೆ ಓದುಗರಿಗೆ ನಗು ಬರುವುದು ಸಹಜ. ನಮ್ಮದು ಬಂಡೆಯ ನಾಡು, ಬರದ ನಾಡು. ಕಡಲೆಕಾಯಿ, ಹುಣಿಸೆ, ಕುರಿ, ಕಂಬಳಿಗಳ ಮಾತನ್ನು ನಮ್ಮಿಂದ ಕೇಳಬಹುದೇ ಹೊರತು ದೋಣಿಯ ಮಾತನ್ನಲ್ಲ ಎಂದು ನೀವು ಅನ್ನಬಹುದು. ಆದರೂ ಬಹುದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಈ ಸಲ ಬರೆದೇಬಿಡುವುದೆಂದು ನಿಶ್ಚಯಿಸಿದ್ದೇನೆ. ನನ್ನ ವಾದ ಇಷ್ಟೆ: ನಮ್ಮ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ದೊಡ್ಡ ಕೆರೆಯ ಏರಿಯ ಮೇಲೂ ಒಂದು ಹರಿಗೋಲು ಇರಬೇಕು. ಅದಕ್ಕಿಂತ ಮುಖ್ಯವಾಗಿ, ಬೇಕಾದ ಗಳಿಗೆಯಲ್ಲಿ ಇಬ್ಬರು ಅದನ್ನು ಎತ್ತಿ ನೀರಿಗಿಳಿಸುವಂತೆ ಇಟ್ಟಿರಬೇಕು. ದೋಣಿಯನ್ನು ಕೊಳ್ಳುವುದು ಸುಲಭ, ಇಡುವುದು ಕಷ್ಟ.

ಈ ಕಷ್ಟವನ್ನು ಚೆನ್ನಾಗಿ ಬಲ್ಲವರು ಹಾಯಿನೌಕೆಗಳಲ್ಲಿ ತಿಂಗಳುಗಟ್ಟಲೆ ಸಮುದ್ರ ಸುತ್ತುವವರು. 2017ರ ಸೆಪ್ಟೆಂಬರಿನಿಂದ 2018ರ ಮೇ ತನಕ ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ಗೋವೆಯಿಂದ ಹೊರಟು ಭೂಮಿಯನ್ನೇ ಸುತ್ತಿ ಬಂದುದು ನಿಮಗೆ ನೆನಪಿರಬಹುದು. ಅವರನ್ನು ಹೊತ್ತು ತಂದ ‘ತಾರಿಣಿ’ಯ ಉದ್ದ 17 ಮೀಟರು ಮಾತ್ರ, ಹೆಚ್ಚೆಂದರೆ ನಮ್ಮ ಹಳ್ಳಿಯ ಶಾಲೆಗಳ ಎರಡು ಮೂರು ಕೊಠಡಿಗಳಷ್ಟು. ಇಂಥ ನೌಕೆಗಳ ತಳ ಆಳವಾದದ್ದು. ಬಂದರಿಲ್ಲದ ಊರಿನಲ್ಲಿ ಅವು ದಡದ ತನಕ ಬರಲಾರವು. ದೂರದಲ್ಲಿ ಲಂಗರು ಹಾಕಿ, ಒಂದು ಪುಟ್ಟ ದೋಣಿಯಲ್ಲಿ ಕುಳಿತು ದಡಕ್ಕೆ ಬರಬೇಕು. ಹಾಗಾದರೆ ಆ ಪುಟ್ಟ ದೋಣಿಯನ್ನು ಉಳಿದ ವೇಳೆಯಲ್ಲಿ ಎಲ್ಲಿಡುವುದು? ಈ ಒಂದು ಪ್ರಶ್ನೆಯ ಮೇಲೆ ನಾವಿಕರು ತಲೆಮಾರುಗಳಿಂದ ಚರ್ಚೆ ಮಾಡುತ್ತ ಬಂದಿದ್ದಾರೆ.

ಮುಖ್ಯವಾಗಿ ನಾಲ್ಕು ದಾರಿಗಳಿವೆ. ಹಗ್ಗ ಕಟ್ಟಿ ನೌಕೆಯ ಹಿಂದೆ ಎಳೆದುಕೊಂಡು ಹೋಗಬಹುದು. ಶಾಂತವಾದ ನೀರಿನಲ್ಲಿ ಇದಕ್ಕಿಂತ ಸುಲಭವಿಲ್ಲ, ಆದರೆ ಗಾಳಿ ಎದ್ದರೆ ದೋಣಿ ಮಗುಚುತ್ತದೆ, ಇಲ್ಲವೆ ಹಗ್ಗ ಹರಿದುಕೊಂಡು ಹೋಗುತ್ತದೆ. ಎರಡನೆಯದಾಗಿ, ನೌಕೆಯ ಹಿಂಭಾಗದಲ್ಲಿ ಎರಡು ಕಬ್ಬಿಣದ ತೋಳುಗಳಿಗೆ ತೊಟ್ಟಿಲಿನಂತೆ ತೂಗುಹಾಕಬಹುದು. ಇಳಿಸುವುದಕ್ಕೆ ನಿಮಿಷ ಸಾಕು, ಆದರೆ ದೊಡ್ಡ ಅಲೆಯೊಂದು ಅದರೊಳಗೆ ತುಂಬಿದರೆ ನೀರಿನ ಭಾರಕ್ಕೆ ತೋಳುಗಳೇ ಬಾಗುತ್ತವೆ. ಮೂರನೆಯದು, ಮುಂಭಾಗದ ಅಟ್ಟಣೆಯ ಮೇಲೆ ಬೋರಲು ಹಾಕಿ ಬಿಗಿಯಾಗಿ ಕಟ್ಟುವುದು. ದೂರಪ್ರಯಾಣಕ್ಕೆ ಬಹಳ ಮಂದಿ ನೆಚ್ಚುವುದು ಇದನ್ನೇ. ನಡೆದಾಡಲು ಜಾಗ ಕಡಮೆಯಾಗುತ್ತದೆ, ಮುಂದಿನ ನೋಟಕ್ಕೂ ಸ್ವಲ್ಪ ಅಡ್ಡವಾಗುತ್ತದೆ. ಕೊನೆಯದಾಗಿ, ಗಾಳಿ ತುಂಬುವ ರಬ್ಬರ್ ದೋಣಿಯಾದರೆ ಗಾಳಿ ಬಿಟ್ಟು, ಚಾಪೆಯಂತೆ ಸುತ್ತಿ ಪೆಟ್ಟಿಗೆಯಲ್ಲಿಡಬಹುದು. ಜಾಗವೇನೋ ಉಳಿಯುತ್ತದೆ, ಆದರೆ ಅವಸರದಲ್ಲಿ ಅದನ್ನು ಹೊರಗೆ ತೆಗೆದು ಗಾಳಿ ತುಂಬುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಬೇಗ ಕೈಗೆ ಸಿಗುವ ಕಡೆ ಭದ್ರತೆ ಕಡಮೆ, ಭದ್ರವಾದ ಕಡೆ ಬೇಗ ಕೈಗೆ ಸಿಗುವುದಿಲ್ಲ. ಇದೇ ಈ ವಿಷಯದ ತಿರುಳು.

ಇಡುವ ಜಾಗವೇ ಪ್ರಾಣದ ಪ್ರಶ್ನೆಯಾದ ಉದಾಹರಣೆ ‘ಟೈಟಾನಿಕ್’. 1912ರ ಏಪ್ರಿಲಿನಲ್ಲಿ ಮುಳುಗಿದ ಆ ಹಡಗಿನಲ್ಲಿ ಇದ್ದ ರಕ್ಷಣಾ ದೋಣಿಗಳು 20. ಹಡಗಿನಲ್ಲಿದ್ದ ಸುಮಾರು 2,200 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಮಾತ್ರ ಅವುಗಳಲ್ಲಿ ಸ್ಥಳವಿತ್ತು ಎಂಬುದು ಎಲ್ಲರಿಗೂ ತಿಳಿದ ಮಾತು. ಅಷ್ಟಾಗಿ ತಿಳಿಯದ ಮಾತು ಇನ್ನೊಂದಿದೆ. ಆ 20ರಲ್ಲಿ ಎರಡು ಸಣ್ಣ ದೋಣಿಗಳನ್ನು, ಯಾರಾದರೂ ಆಯತಪ್ಪಿ ನೀರಿಗೆ ಬಿದ್ದರೆ ತಟ್ಟನೆ ಇಳಿಸಲೆಂದು, ಸದಾ ಹಡಗಿನ ಪಕ್ಕಕ್ಕೆ ಹೊರಚಾಚಿ ತೂಗುಹಾಕಿರುತ್ತಿದ್ದರು. ಇನ್ನೆರಡು ದೋಣಿಗಳನ್ನು ಅಧಿಕಾರಿಗಳ ಕೊಠಡಿಗಳ ಮಾಡಿನ ಮೇಲೆ ಇಟ್ಟಿದ್ದರು. ಮುಳುಗುವ ಹೊತ್ತಿನಲ್ಲಿ ಅವನ್ನು ಮಾಡಿನಿಂದ ಇಳಿಸಲು ಜನ ಹೆಣಗಾಡಿದರು. ಕೊನೆಗೆ ಒಂದು ನೀರು ತುಂಬಿಕೊಂಡೂ ಇನ್ನೊಂದು ಬೋರಲಾಗಿಯೂ ತೇಲಿಹೋದುವು. ಲೆಕ್ಕದ ಪುಸ್ತಕದಲ್ಲಿ ಆ ನಾಲ್ಕೂ ದೋಣಿಗಳೇ. ಜನರ ಪಾಲಿಗೆ ಮಾತ್ರ ಮಾಡಿನ ಮೇಲಿದ್ದವು ಇದ್ದೂ ಇಲ್ಲದಂತಾದುವು.

ಕಡಲಿನವರ ಮಾತು ನಮಗೇಕೆ ಎನ್ನಬೇಡಿ. ಹೊತ್ತು ನಡೆಯಬಹುದಾದ ದೋಣಿಯ ವಿಷಯದಲ್ಲಿ ನಮ್ಮ ನಾಡು ಯಾರಿಗೂ ಹಿಂದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗಡೆ ಚರ್ಮ ಹೊದೆಸಿದ್ದ ದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ದಾಟಿಸುತ್ತಿದ್ದುವಂತೆ. ನೇರವಾಗಿ ಹೋಗದೆ ಗಿರಗಿರನೆ ತಿರುಗುತ್ತಿದ್ದುವಂತೆ. ರಾಜ್ಯದ ಹೊಳೆಗಳಲ್ಲೆಲ್ಲ ಇವನ್ನು ಬಿಟ್ಟರೆ ಬೇರೆ ದೋಣಿಗಳೇ ಇಲ್ಲ ಎಂದೂ ಅವನು ಹೇಳುತ್ತಾನೆ. ಅದೇ ನಮ್ಮ ಹರಿಗೋಲು. ಚರ್ಮ ಹೋಗಿ ಗೋಣಿ, ಪ್ಲಾಸ್ಟಿಕ್ ಮತ್ತು ಡಾಂಬರು ಬಂದಿದೆ ಎಂಬುದನ್ನು ಬಿಟ್ಟರೆ ಹೆಚ್ಚೇನೂ ಬದಲಾಗಿಲ್ಲ.

ಅವನಿಗಿಂತ ಎಷ್ಟೋ ಶತಮಾನಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿಯೊಂದು ದೋಣಿಯಲ್ಲೂ ಸರಕಿನ ಜೊತೆಗೆ ಒಂದು ಕತ್ತೆ ಇರುತ್ತಿತ್ತು. ಹೊಳೆಯ ಸೆಳೆತಕ್ಕೆ ಎದುರಾಗಿ ಹಿಂದಿರುಗುವುದು ಸಾಧ್ಯವಿಲ್ಲವಾದ್ದರಿಂದ, ಊರು ತಲುಪಿ ವ್ಯಾಪಾರ ಮುಗಿದ ಮೇಲೆ ದೋಣಿಯ ಕಟ್ಟಡವನ್ನು ಬಿಚ್ಚಿ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಹೋಗುತ್ತಿದ್ದರಂತೆ. ಹೋಗುವಾಗ ದೋಣಿ ಕತ್ತೆಯನ್ನು ಹೊರುತ್ತಿತ್ತು, ಬರುವಾಗ ಕತ್ತೆ ದೋಣಿಯನ್ನು ಹೊರುತ್ತಿತ್ತು! ನಮ್ಮಲ್ಲಿ ಕತ್ತೆಯೂ ಬೇಕಿಲ್ಲ. ಹೊಗೇನಕಲ್ಲಿಗೆ ಹೋದವರು ಕಂಡಿರುತ್ತೀರಿ: ಅಂಬಿಗ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆದು ಬರುವಾಗ ದೊಡ್ಡ ಕೊಡೆಯೊಂದಕ್ಕೆ ಎರಡು ಕಾಲು ಬಂದಂತೆ ಕಾಣುತ್ತದೆ.

ಇನ್ನು ನಮ್ಮ ಕೆರೆಗಳ ಮಾತಿಗೆ ಬರುತ್ತೇನೆ. ನಮ್ಮ ಕಡೆ ಕೆರೆ ಪ್ರತಿವರ್ಷ ತುಂಬುವುದಿಲ್ಲ. ಐದು ವರ್ಷ, ಹತ್ತು ವರ್ಷ ಒಣಗಿದ್ದು ಒಂದು ವರ್ಷ ಒಮ್ಮೆಲೇ ತುಂಬುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿಯುವ ಜಯಮಂಗಲಿ ಬಹುಕಾಲ ಬರಿಯ ಮರಳಿನ ಹಾದಿ. 2022ರ ಮಳೆಗಾಲದಲ್ಲಿ ಅದೇ ಹೊಳೆ ಉಕ್ಕಿ ಹರಿಯಿತು, ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದುವು. ಜನ ಬಾಗಿನ ಕೊಟ್ಟರು. ಸಂತೋಷಪಡುವ ವಿಷಯವೇ ಸರಿ. ಆದರೆ ಒಣಗಿದ ವರ್ಷಗಳು ಎರಡು ಅಪಾಯಗಳನ್ನು ಬಿಟ್ಟುಹೋಗಿರುತ್ತವೆ. ಒಂದು, ಇಟ್ಟಿಗೆಗೆಂದೂ ಹೊಲಕ್ಕೆಂದೂ ಕೆರೆಯ ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು. ನೀರು ನಿಂತ ಮೇಲೆ ಅವು ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳ್ಮುಳುಗು ನೀರಿನಲ್ಲಿರುತ್ತಾನೆ. ಇನ್ನೊಂದು, ಈಜು ಬಾರದ ತಲೆಮಾರು. ನಮ್ಮ ಕಾಲದಲ್ಲಿ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದೆವು. ಆ ಬಾವಿಗಳು ಬತ್ತಿದುವು, ಕೊಳವೆಬಾವಿಗಳು ಬಂದುವು. ಕೊಳವೆಬಾವಿಯಲ್ಲಿ ಯಾರೂ ಈಜು ಕಲಿಯಲಾರರು. ಜೊತೆಗೆ 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಹೊಲಹೊಲಕ್ಕೂ ಕೃಷಿಹೊಂಡಗಳು ಬಂದಿವೆ. ನೀರಿಗೆ ಅವು ಒಳ್ಳೆಯವು. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ಬಿದ್ದವನಿಗೆ ಹಿಡಿದುಕೊಳ್ಳಲು ಒಂದು ಗರಿಕೆಯೂ ಇರುವುದಿಲ್ಲ.

ನಾನು ಸೇವೆಯಲ್ಲಿದ್ದಾಗ ನಡೆದುದೊಂದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಬಹಳ ವರ್ಷಗಳ ಮೇಲೆ ಅಲ್ಲಿಯ ಕೆರೆ ತುಂಬಿತ್ತು. ಏಳನೆಯ ತರಗತಿಯ ಹುಡುಗನೊಬ್ಬ ಎಮ್ಮೆಯನ್ನು ಅಟ್ಟಿಕೊಂಡು ಬರಲು ನೀರಿಗಿಳಿದವನು ಅಂಥದೊಂದು ಗುಂಡಿಗೆ ಸಿಕ್ಕಿದ. ಊರಿಗೆ ಒಂದು ಹರಿಗೋಲು ಇತ್ತು. ಯಾರದೋ ಅನುದಾನದಲ್ಲಿ ಬಂದದ್ದು. ಅದು ಉಗ್ರಾಣವೊಂದರಲ್ಲಿ ಬೀಗದೊಳಗಿತ್ತು. ಬೀಗದ ಕೈ ಇದ್ದವರು ಪಕ್ಕದ ಊರಿಗೆ ಮದುವೆಗೆ ಹೋಗಿದ್ದರು. ಬೀಗ ಒಡೆದು ನೋಡಿದರೆ ಹರಿಗೋಲನ್ನು ಗೋಡೆಗೆ ಅಂಚಿನ ಮೇಲೆ ನಿಲ್ಲಿಸಿ, ಅದಕ್ಕೆ ಒತ್ತಿಕೊಂಡು ಸಿಮೆಂಟಿನ ಚೀಲಗಳನ್ನು ಪೇರಿಸಿದ್ದರು. ಕೆಳಗಿನ ಅಂಚನ್ನು ಗೆದ್ದಲು ತಿಂದಿತ್ತು, ಡಾಂಬರು ಬಿರುಕುಬಿಟ್ಟಿತ್ತು. ನೀರಿಗಿಳಿಸಿದ ಹತ್ತು ಮಾರು ದೂರದೊಳಗೆ ಅದು ತುಂಬಿಕೊಂಡಿತು. ಕೊನೆಗೆ ಒಬ್ಬ ಧೈರ್ಯಶಾಲಿ ಟ್ರ್ಯಾಕ್ಟರಿನ ಟ್ಯೂಬು ಹಿಡಿದು ಈಜಿಹೋಗಿ ಹುಡುಗನನ್ನು ತಂದ. ಆಗಲೇ ಹೊತ್ತು ಮೀರಿತ್ತು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವ ಕೆಲಸ ತರಗತಿಯ ಉಪಾಧ್ಯಾಯನಾದ ನನ್ನ ಪಾಲಿಗೆ ಬಂತು. ಹರಿಗೋಲು ಸರಿಯಾಗಿದ್ದಿದ್ದರೆ ಅವನು ಉಳಿಯುತ್ತಿದ್ದನೆಂದು ಆಣೆ ಮಾಡಿ ಹೇಳಲಾರೆ. ಆದರೆ ಉಗ್ರಾಣದ ಮುಂದೆ ಕಳೆದ ಆ ಹೊತ್ತು ನೀರಿನ ಮೇಲೆ ಕಳೆಯಬೇಕಾದ ಹೊತ್ತಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಹೇಗಿಡಬೇಕು? ನಾವಿಕರ ಅನುಭವವನ್ನೂ ನಮ್ಮ ಅಂಬಿಗರ ಅನುಭವವನ್ನೂ ಕೂಡಿಸಿ ನೋಡಿದರೆ ಉತ್ತರ ಕಷ್ಟವಲ್ಲ. ಏರಿಯ ಮೇಲೆ, ತೂಬಿನ ಹತ್ತಿರ, ಸೊಂಟದೆತ್ತರಕ್ಕೆ ನಾಲ್ಕು ಕಲ್ಲುಕಂಬ ನೆಟ್ಟು, ಅವುಗಳ ಮೇಲೆ ಹರಿಗೋಲನ್ನು ಬೋರಲು ಹಾಕಬೇಕು. ಬೋರಲಾಗಿದ್ದರೆ ಮಳೆನೀರು ನಿಲ್ಲದು, ಕಲ್ಲಿನ ಮೇಲಿದ್ದರೆ ಗೆದ್ದಲು ಬೇಗ ಹತ್ತದು, ಸೊಂಟದೆತ್ತರದಲ್ಲಿದ್ದರೆ ಇಬ್ಬರು ಬಾಗದೆ ಹೆಗಲಿಗೆ ತೆಗೆದುಕೊಳ್ಳಬಹುದು. ಮೇಲೊಂದು ಚಪ್ಪರವೋ ತಗಡೋ ಬೇಕು. ನಮ್ಮ ಬಿಸಿಲಿಗೆ ಡಾಂಬರು ಕರಗಿ ಬಿದಿರು ಸೀಳುತ್ತದೆ. ಈಗ ಬಂದಿರುವ ಫೈಬರಿನ ಹರಿಗೋಲಿಗೆ ಗೆದ್ದಲಿನ ಭಯವಿಲ್ಲ, ಆದರೆ ಅದಕ್ಕೂ ನೆರಳು ಒಳ್ಳೆಯದು. ಗಾಳಿಗೆ ಹಾರದಂತೆ ಹಗ್ಗದಿಂದ ಕಟ್ಟಬೇಕು, ಬೀಗ ಮಾತ್ರ ಕೂಡದು. ದನ ಕಟ್ಟುವಾಗ ಹಾಕುವಂತೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಸಾಕು. ಒಳಗೆ ಉದ್ದವಾದ ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು, ಎರಡು ತೇಲುವ ಜಾಕೆಟ್ಟುಗಳು ಇರಲಿ.

ಬೀಗವಿಲ್ಲದಿದ್ದರೆ ಮಕ್ಕಳು ಆಟಕ್ಕೆ ಇಳಿಸಿ ಇನ್ನಷ್ಟು ಅಪಾಯವಾಗದೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಹುಟ್ಟನ್ನು ಮಾತ್ರ ಏರಿಗೆ ಹತ್ತಿರದ ಮನೆಯಲ್ಲಿಡಬಹುದು. ಬೀಗ ಹಾಕಿದ ಮನೆಗಿಂತ ಜನ ವಾಸಿಸುವ ಮನೆ ಮೇಲು. ಹುಟ್ಟಿಲ್ಲದ ಹರಿಗೋಲು ಮಕ್ಕಳಿಗೆ ಅಷ್ಟು ರುಚಿಸುವುದೂ ಇಲ್ಲ.

ಎರಡನೆಯ ಆಕ್ಷೇಪ, ಹತ್ತು ವರ್ಷಕ್ಕೊಮ್ಮೆ ತುಂಬುವ ಕೆರೆಗೆ ದೋಣಿ ಏಕೆ ಎಂಬುದು. ಪ್ರತಿವರ್ಷ ನೀರಿರುವ ಊರಿನಲ್ಲಿ ಮೀನು ಹಿಡಿಯುವವರಿರುತ್ತಾರೆ, ಈಜುವವರಿರುತ್ತಾರೆ, ತೆಪ್ಪವೂ ಇರುತ್ತದೆ. ಇವು ಯಾವುವೂ ಇಲ್ಲದ ಊರಿಗೇ ಅಲ್ಲವೆ ಹರಿಗೋಲು ಬೇಕಾದದ್ದು? ಪಾವಗಡದಿಂದ ತುಮಕೂರು ಸುಮಾರು 100 ಕಿಲೋಮೀಟರು. ಹೊರಗಿನಿಂದ ಬರುವ ಸಹಾಯ ಎಷ್ಟೇ ಪ್ರಾಮಾಣಿಕವಾಗಿದ್ದರೂ ರಸ್ತೆಯ ಉದ್ದವನ್ನು ಕಡಮೆ ಮಾಡಲಾರದು. ನೀರಿಗೆ ಬಿದ್ದವನಿಗೆ ಉಳಿದಿರುವುದು ಕೆಲವೇ ನಿಮಿಷಗಳು.

ಕೊಟ್ಟು ಮರೆತರೆ ಯಾವ ಹರಿಗೋಲೂ ಉಳಿಯದು. ಮುಂಗಾರಿಗೆ ಮುನ್ನ ಒಮ್ಮೆ ಡಾಂಬರು ಬಳಿಯಬೇಕು. ಆಯುಧಪೂಜೆಯ ದಿನ, ನಮ್ಮ ಕಡೆ ಮಳೆ ಚೆನ್ನಾಗಿ ಬೀಳುವ ಕಾಲವೂ ಅದೇ ಆದ್ದರಿಂದ, ಸೈಕಲ್ಲು, ಟ್ರ್ಯಾಕ್ಟರುಗಳ ಜೊತೆಗೆ ಅದನ್ನೂ ಪೂಜಿಸಿ ನೀರಿಗಿಳಿಸಿ ನೋಡಬೇಕು. ಊರಿನ ನಾಲ್ವರು ಯುವಕರು ಹುಟ್ಟು ಹಾಕುವುದನ್ನು ಕಲಿತಿರಬೇಕು, ಏಕೆಂದರೆ ಅಭ್ಯಾಸವಿಲ್ಲದವನ ಕೈಯಲ್ಲಿ ಹರಿಗೋಲು ಪಾಯೆಸ್ ಕಂಡಂತೆ ಸುಮ್ಮನೆ ತಿರುಗುತ್ತಿರುತ್ತದೆ. ಆ ವರ್ಷ ಕೆರೆಯಲ್ಲಿ ನೀರಿಲ್ಲದಿದ್ದರೆ ಕಂಬದಿಂದ ಇಳಿಸಿ, ಹೊತ್ತು ನಡೆದು, ಮತ್ತೆ ಏರಿಸುವ ಅಭ್ಯಾಸವನ್ನಾದರೂ ಮಾಡಬಹುದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಗ್ರಾಮ ಪಂಚಾಯಿತಿಯ ಸದಸ್ಯರಾಗಿದ್ದೀರಿ. ಕೆಲವರು ಬೆಂಗಳೂರಿನಲ್ಲಿ, ಕೆಲವರು ಪರದೇಶಗಳಲ್ಲಿದ್ದೀರಿ, ಊರಿನ ದೇವಸ್ಥಾನಕ್ಕೆ, ಶಾಲೆಗೆ ಕೈಲಾದುದನ್ನು ಕಳುಹಿಸುತ್ತಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಊರಿಗೆ ಬಂದಾಗ ಕೆರೆಯ ಏರಿಯ ಮೇಲೆ ಒಮ್ಮೆ ನಡೆಯಿರಿ. ಈ ಊರಿನಲ್ಲಿ ಹರಿಗೋಲು ಇದೆಯೆ, ಎಲ್ಲಿದೆ, ಹುಟ್ಟು ಯಾರ ಮನೆಯಲ್ಲಿದೆ ಎಂದು ಅಲ್ಲಿ ದನ ಮೇಯಿಸುವವರನ್ನು ಕೇಳಿರಿ. ಅವರು ನಿಂತ ಜಾಗದಿಂದಲೇ ಕೈ ಚಾಚಿ ತೋರಿಸಿದರೆ ಸಂತೋಷ. ಯಾರನ್ನೋ ಕೇಳಬೇಕು ಎಂದರೆ, ಅಥವಾ ಇಲ್ಲವೆಂದರೆ, ಮೊದಲು ಆ ನಾಲ್ಕು ಕಲ್ಲುಕಂಬಗಳನ್ನು ನೆಡಿಸಿರಿ. ಹರಿಗೋಲನ್ನು ಆಮೇಲೆ ಕೊಳ್ಳಬಹುದು.