ಎಲೆಯಾಟ: ಕೊಂಡ ಕಟ್ಟಿನಿಂದ ಸ್ಪರ್ಧೆಯ ಕಣಕ್ಕೆ

ಎಲೆಯಾಟವೆಂಬ ಮಾತು ಕಿವಿಗೆ ಬಿದ್ದೊಡನೆ ಹಳ್ಳಿಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. ಜಾತ್ರೆಯ ಹೊರವಲಯದಲ್ಲಿ ಕಂಬಳಿ ಹಾಸಿ ನಡೆಯುವ ಅಂದರ್-ಬಾಹರ್, ಸುಗ್ಗಿಯ ದುಡ್ಡನ್ನು ಒಂದೇ ರಾತ್ರಿಯಲ್ಲಿ ನುಂಗಿಬಿಡುವ ಇಸ್ಪೀಟಿನ ಅಡ್ಡೆ, ಅದರಿಂದ ಹೊಲಮನೆ ಕಳೆದುಕೊಂಡ ಸಂಸಾರಗಳು, ಇವೆಲ್ಲ ಜನರು ಕಂಡುಂಡ ಸಂಗತಿಗಳು. ಆದ್ದರಿಂದ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವಿರುವ ನೀಲಗುಂದದಂತಹ ಊರಿನಲ್ಲಿ, ರಜೆಗೆಂದು ಪೇಟೆಯ ಬಂಧುಗಳ ಮನೆಗೆ ಹೋಗಿ ಬಂದ ಬಾಲಕನೊಬ್ಬನ ಚೀಲದಲ್ಲಿ ಪೋಕೆಮಾನ್ ಎಂಬ ಬಣ್ಣದ ಎಲೆಗಳ ಕಟ್ಟು ಕಾಣಿಸಿಕೊಂಡರೆ, ಅದು ಅಧ್ಯಾಪಕರ ಮೇಜಿನ ಖಾನೆಯನ್ನು ಸೇರುವುದು ಬಹುಮಟ್ಟಿಗೆ ನಿಶ್ಚಿತ. ಆದರೆ ಖಾನೆಗೆ ಬೀಗ ಹಾಕುವ ಮುನ್ನ ಆ ಕಟ್ಟನ್ನು ಒಮ್ಮೆ ಬಿಚ್ಚಿ ನೋಡುವುದು ವಿದ್ಯಾಸಂಸ್ಥೆಗೆ ತಕ್ಕ ನಡೆಯಾದೀತು.

ಇಸ್ಪೀಟಿನಲ್ಲಿ 52 ಎಲೆಗಳ ಒಂದೇ ಕಟ್ಟಿನಿಂದ ಎಲ್ಲರಿಗೂ ಎಲೆ ಹಂಚುವುದು ರೂಢಿ. ಈ ಹೊಸ ಬಗೆಯ ಆಟದಲ್ಲಿ ಹಾಗಲ್ಲ. ಅಚ್ಚಾಗಿರುವ ಸಾವಿರಾರು ಬಗೆಯ ಎಲೆಗಳಲ್ಲಿ ತನಗೆ ಬೇಕಾದುವನ್ನು ಆರಿಸಿ, ಪ್ರತಿಯೊಬ್ಬ ಆಟಗಾರನೂ ತನ್ನ ಕಟ್ಟನ್ನು ತಾನೇ ಸಿದ್ಧಪಡಿಸಿಕೊಂಡು ಬರುತ್ತಾನೆ. ಹೀಗಾಗಿ ಆಟದ ಅರ್ಧಭಾಗವು ಎದುರಾಳಿಯ ಮುಂದೆ ಕುಳಿತುಕೊಳ್ಳುವ ಮೊದಲೇ ನಡೆದುಹೋಗಿರುತ್ತದೆ. ಈ ಪದ್ಧತಿಗೆ ನಾಂದಿ ಹಾಡಿದ್ದು 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ಅವರು ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟ. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಲೆಗಳು ಹೊರಬಂದವು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮ್ಯಾಜಿಕ್ ಆಟದ ಮೊದಲ ವೃತ್ತಿಪರ ಪಂದ್ಯಾವಳಿಯೂ ಜರುಗಿತು. 1990ರ ದಶಕದಿಂದ ಭಾರತದ ಮಕ್ಕಳಿಗೆ ಪರಿಚಿತವಾದ ಕುಸ್ತಿಪಟುಗಳ ಟ್ರಂಪ್ ಕಾರ್ಡಿಗೂ ಇದಕ್ಕೂ ಹೋಲಿಕೆ ಕಡಮೆ. ಅಲ್ಲಿ ಎಲೆಯ ಮೇಲಿನ ಎತ್ತರ, ತೂಕಗಳ ಅಂಕಿಯನ್ನು ಓದಿ ಹೇಳಿದರೆ ಮುಗಿಯಿತು. ಇಲ್ಲಿ ಮುಂದಿನ ನಾಲ್ಕು ನಡೆಗಳನ್ನು ಎಣಿಸದವನಿಗೆ ಗೆಲುವಿಲ್ಲ. ಎಲೆಗಳಿದ್ದ ಮಾತ್ರಕ್ಕೆ ಜೂಜಾಗುವುದಿಲ್ಲವೆಂಬುದನ್ನು ನ್ಯಾಯಾಲಯಗಳೂ ಒಪ್ಪಿವೆ. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಹೇಳಿತು. ಜೂಜನ್ನು ಹುಟ್ಟಿಸುವುದು ಪಣ.

ಕನ್ನಡ ನಾಡಿಗೆ ಎಲೆಯಾಟವು ಹೊರಗಿನಿಂದ ಬಂದ ಪಿಡುಗೆಂದು ತಿಳಿಯುವವರು ಮೈಸೂರಿನ ಗಂಜೀಫಾವನ್ನು ನೆನೆಯಬೇಕು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ತೃಪ್ತರಾಗದೆ ‘ಚಾದ್’ ಎಂಬ ಹೆಸರಿನ ಹದಿಮೂರು ಬಗೆಯ ಎಲೆಯಾಟಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳಿಗೆ ಸ್ಥಾನ ಕೊಟ್ಟರು. ಚಾಮುಂಡೇಶ್ವರಿ ಚಾದಿನಲ್ಲಿ 320 ಎಲೆಗಳು; ಎಲ್ಲಕ್ಕಿಂತ ದೊಡ್ಡದರಲ್ಲಿ 360. ಕಲ್ಪನೆಯ ವೈಭವಕ್ಕೆ ಎಣೆಯಿಲ್ಲ. ಆದರೂ ಆ ಎಲೆಗಳು ಇಂದು ಉಳಿದಿರುವುದು ಚಿತ್ರಕಲೆಯ ಮಾದರಿಗಳಾಗಿ. ಆಡುವವರು ಇಲ್ಲವೆಂದರೂ ಸಲ್ಲುತ್ತದೆ. ಅತ್ತ ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಯಾರೋ ಕೊರೆದಿಟ್ಟ ಹುಲಿ-ಕುರಿಯ ಮನೆಗಳನ್ನು ಹೋಲುವ ಗೆರೆಗಳನ್ನು ದನಗಾಹಿ ಹುಡುಗರು ಇತ್ತೀಚಿನವರೆಗೂ ಬಯಲಿನಲ್ಲಿ ಇದ್ದಿಲಿನಿಂದ ಎಳೆದು ಆಡುತ್ತಿದ್ದರು. ಆಟಕ್ಕೆ ಆಯುಷ್ಯ ಕೊಡುವವನು ಎದುರಾಳಿ. ಎಷ್ಟೇ ಅಂದವಾದ ಎಲೆಯಾದರೂ ಆ ಕೆಲಸವನ್ನು ಮಾಡಲಾರದು.

ಈಗ ಪ್ರಕೃತಕ್ಕೆ ಬರಬಹುದು. ಅಂಗಡಿಯಲ್ಲಿ ದೊರೆಯುವ ಪೋಕೆಮಾನ್ ಕಟ್ಟು ಆರಂಭಿಕರಿಗಾಗಿ ಮಾಡಿದ್ದು. ಅದರಲ್ಲಿ 60 ಎಲೆಗಳಿರುತ್ತವೆ: ಕೆಲವು ಕಾದಾಡುವ ಪ್ರಾಣಿಗಳವು, ಕೆಲವು ಅವುಗಳಿಗೆ ಬಲ ತುಂಬುವ ಶಕ್ತಿಯ ಎಲೆಗಳು, ಉಳಿದವು ಸಹಾಯಕ ಎಲೆಗಳು. ಆಟವನ್ನು ಕಲಿಸಲೆಂದೇ ಅದರಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಟ್ಟಿರುತ್ತಾರೆ, ಮದುವೆಯ ಎಲೆಯ ತುದಿಯಲ್ಲಿ ಬಡಿಸಿದ ಕೋಸಂಬರಿಯಂತೆ. ಅದನ್ನು ಹಿಡಿದು ಮನೆಯಲ್ಲಿ ತಮ್ಮನೊಡನೆ ಆಡುವುದು ಸೊಗಸು. ಬೆಂಗಳೂರಿನಂತಹ ನಗರಗಳಲ್ಲಿ ನಡೆಯುವ ಸ್ಪರ್ಧೆಗೆ ಅದನ್ನೇ ಒಯ್ದ ಬಾಲಕನು ಮೊದಲ ಸುತ್ತಿನಲ್ಲಿಯೇ ಮಣ್ಣು ಮುಕ್ಕುತ್ತಾನೆ. ಆಗ ಅವನಿಗೆ ತೋರುವ ಕಾರಣ ಒಂದೇ: ಎದುರಿನವನ ಬಳಿ ದೊಡ್ಡ ದೊಡ್ಡ ಎಲೆಗಳಿದ್ದುವು.

ಈ ಎಣಿಕೆ ತಪ್ಪು. ಗರಡಿಯಲ್ಲಿ ಹತ್ತಾರು ಪಟ್ಟುಗಳನ್ನು ಕಲಿತ ಪೈಲ್ವಾನನು ಕಣದಲ್ಲಿ ನೆಚ್ಚುವುದು ಎರಡನ್ನೋ ಮೂರನ್ನೋ. ಸ್ಪರ್ಧೆಯ ಕಟ್ಟೂ ಹಾಗೆಯೇ. ಅದು ಒಂದು ಕೆಲಸವನ್ನು ಮಾಡಲು ಹುಟ್ಟಿದ್ದು. ಆ ಕೆಲಸಕ್ಕೆ ಒದಗದ ಎಲೆ ಎಷ್ಟೇ ಪ್ರಿಯವಾಗಿದ್ದರೂ ಅದಕ್ಕೆ ಅಲ್ಲಿ ಜಾಗವಿಲ್ಲ. ಒಂದೇ ಹೆಸರಿನ ಎಲೆಗಳನ್ನು ನಾಲ್ಕಕ್ಕಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲವೆಂದು ನಿಯಮವಿದೆ; ಮೂಲಶಕ್ತಿಯ ಎಲೆಗಳಿಗೆ ಮಾತ್ರ ವಿನಾಯಿತಿ. ನಾಲ್ಕನ್ನೂ ಇರಿಸಿಕೊಳ್ಳಬೇಕೆ, ಒಂದು ಸಾಕೆ? ಆಟ ಆರಂಭವಾಗುವಾಗ ಕಟ್ಟನ್ನು ಕಲಸಿ ಏಳು ಎಲೆಗಳನ್ನು ಕೈಗೆತ್ತಿಕೊಳ್ಳಬೇಕು. ಬೇಕಾದ ಎಲೆ ಕಟ್ಟಿನಲ್ಲಿ ಒಂದೇ ಇದ್ದರೆ, ಅದು ಆ ಏಳರಲ್ಲಿ ಬರುವ ಸಂಭವ ಅರವತ್ತರಲ್ಲಿ ಏಳು, ಎಂದರೆ ನೂರಕ್ಕೆ 12ರಷ್ಟೂ ಇಲ್ಲ. ಎರಡಿದ್ದರೆ ನೂರಕ್ಕೆ 22, ಮೂರಿದ್ದರೆ 31ಕ್ಕೆ ಮೇಲೆ, ನಾಲ್ಕಿದ್ದರೆ ಸುಮಾರು 40. ಎಂಟು ಬಾರಿ ಆಡಿದರೆ ಒಮ್ಮೆ ಬರುವ ಎಲೆಗೂ ಐದು ಬಾರಿಯಲ್ಲಿ ಎರಡು ಸಲ ಬರುವ ಎಲೆಗೂ ಇರುವ ಅಂತರವೇ ಮನೆಯ ಆಟಕ್ಕೂ ಸ್ಪರ್ಧೆಯ ಆಟಕ್ಕೂ ಇರುವ ಅಂತರ. ಪ್ರೌಢಶಾಲೆಯ ಗಣಿತದಲ್ಲಿ ಸಂಭವನೀಯತೆಯನ್ನು ಕಲಿಸಲು ಚೀಲದೊಳಗಿನ ಕೆಂಪು ಗೋಲಿ, ನೀಲಿ ಗೋಲಿಗಳನ್ನು ತರುವ ಅಧ್ಯಾಪಕರಿಗೆ ಇದಕ್ಕಿಂತ ಜೀವಂತವಾದ ಉದಾಹರಣೆ ದೊರೆಯುವುದು ಕಷ್ಟ. ನೀಲಿ ಗೋಲಿ ಬಂದರೇನು, ಬಿಟ್ಟರೇನು ಎಂದು ಮನಸ್ಸಿನಲ್ಲಿಯೇ ಕೇಳಿಕೊಳ್ಳುವ ಹುಡುಗ ಇಲ್ಲಿ ಪೆನ್ಸಿಲು ಹಿಡಿದು ಭಿನ್ನರಾಶಿಗಳನ್ನು ಗುಣಿಸುತ್ತಾನೆ. ಏಕೆಂದರೆ ಉತ್ತರ ಅವನಿಗೆ ಬೇಕಾಗಿದೆ.

ಹೊಸಬನು ಪ್ರಾಣಿಗಳ ಎಲೆಗಳನ್ನೇ ತುಂಬಿಕೊಳ್ಳುತ್ತಾನೆ. ಪಳಗಿದವರ ಕಟ್ಟಿನಲ್ಲಿ ಬಹುಪಾಲು ಸಹಾಯಕ ಎಲೆಗಳೇ ಇರುತ್ತವೆ: ಕಟ್ಟಿನಿಂದ ಇನ್ನಷ್ಟು ಎಲೆಗಳನ್ನು ಸೆಳೆಯಲು ಅನುಮತಿ ಕೊಡುವವು, ಬೇಕಾದುದನ್ನು ಹುಡುಕಿ ತರುವವು, ಎದುರಾಳಿಯ ಏರ್ಪಾಡನ್ನು ಕೆಡಿಸುವವು. ಹೋರಾಡುವವರಿಗಿಂತ ಅವರಿಗೆ ಬುತ್ತಿ ಒದಗಿಸುವವರೇ ಹೆಚ್ಚು ಬೇಕೆಂಬುದು ಒಕ್ಕಲು ಮನೆತನದ ಮಕ್ಕಳಿಗೆ ಬೇಗ ಅರ್ಥವಾಗುವ ಮಾತು. ಇದಾದ ಮೇಲೆ ಉಳಿಯುವುದು ಅಭ್ಯಾಸ, ಮತ್ತು ಅಭ್ಯಾಸದ ಲೆಕ್ಕ. ಸೋತೊಡನೆ ಕಟ್ಟಿನಲ್ಲಿ ಹತ್ತು ಎಲೆಗಳನ್ನು ಬದಲಿಸುವವನಿಗೆ ಯಾವುದು ಗುಣ ಕೊಟ್ಟಿತೆಂದು ತಿಳಿಯುವುದೇ ಇಲ್ಲ. ಒಂದು ಎಲೆಯನ್ನು ಬದಲಿಸಿ, ಇಪ್ಪತ್ತು ಆಟ ಆಡಿ, ಗೆಲುವು ಸೋಲುಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟು, ಆಮೇಲೆ ಎರಡನೆಯ ಎಲೆಗೆ ಕೈ ಹಾಕುವವನು ಮೇಲೇರುತ್ತಾನೆ. ಪ್ರಯೋಗಶಾಲೆಯ ಶಿಸ್ತೂ ಇದೇ ಅಲ್ಲವೆ? ದೊಡ್ಡ ಪಂದ್ಯಾವಳಿಗಳಲ್ಲಿ ಕಟ್ಟಿನ ಅರವತ್ತು ಎಲೆಗಳ ಪಟ್ಟಿಯನ್ನು ಮುಂಚಿತವಾಗಿ ಬರೆದುಕೊಡಬೇಕು. ಪಟ್ಟಿಗೂ ಕಟ್ಟಿಗೂ ತಾಳೆಯಾಗದಿದ್ದರೆ ದಂಡನೆ. 50 ನಿಮಿಷಗಳೊಳಗೆ ಮೂರು ಆಟಗಳಲ್ಲಿ ಎರಡನ್ನು ಗೆಲ್ಲಬೇಕಾದುದರಿಂದ ತಡಮಾಡದೆ ಯೋಚಿಸುವ ರೂಢಿಯೂ ಬೇಕು.

ಇಷ್ಟರವರೆಗೆ ಹೇಳಿದ್ದೆಲ್ಲ ಬುದ್ಧಿಯ ಮಾತು. ಕೆಡುಕು ಅಡಗಿರುವುದು ಹಣದಲ್ಲಿ. ಆರಂಭದ ಕಟ್ಟಿನಿಂದ ಸ್ಪರ್ಧೆಯ ಕಟ್ಟಿಗೆ ಏರಲು ಬೇಕಾದ ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತವೆ; ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ಒಂದು ಎಲೆಯ ಆಸೆಗೆ ಇಪ್ಪತ್ತು ಪೊಟ್ಟಣ ಹರಿಯುವ ಬಾಲಕನಿಗೂ ಬಹುಮಾನದ ಆಸೆಗೆ ಲಾಟರಿ ಚೀಟಿ ಕೊಳ್ಳುವ ಕೂಲಿಕಾರನಿಗೂ ಏನು ಭೇದ? ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನು ನಿಲ್ಲಿಸಿದಾಗ ಎಷ್ಟೋ ಮನೆಗಳು ನಿಟ್ಟುಸಿರು ಬಿಟ್ಟವು. ಹಣದ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿತು. ಮಕ್ಕಳ ಪೊಟ್ಟಣದ ಕಡೆಗೆ ಯಾರ ದೃಷ್ಟಿಯೂ ಹರಿದಂತಿಲ್ಲ. ಮೇಲಾಗಿ ಈ ಆಟಗಳಲ್ಲಿ ಹಳೆಯ ಎಲೆಗಳನ್ನು ಕಾಲಕಾಲಕ್ಕೆ ಸ್ಪರ್ಧೆಯಿಂದ ಹಿಂತೆಗೆಯುವ ಪದ್ಧತಿಯುಂಟು. ಕಳೆದ ವರ್ಷ ಕಷ್ಟಪಟ್ಟು ಕೂಡಿಸಿದ್ದು ಈ ವರ್ಷ ಸಲ್ಲದೆ ಹೋಗಬಹುದು. ಆಟ ಹಳಸದಿರಲಿ ಎಂಬುದು ಇದಕ್ಕೆ ಕೊಡುವ ಸಮಾಧಾನ. ವ್ಯಾಪಾರಿಯ ಲಾಭವೂ ಅದರಲ್ಲಿ ಸೇರಿದೆಯೆಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಭ್ರಮೆಯನ್ನೂ ಕಳೆಯಬೇಕು. ಹೊಳೆಯುವ ಎಲೆ ಬಲವಾದ ಎಲೆಯಲ್ಲ. ಒಂದೇ ಎಲೆಯನ್ನು ಸಾದಾ ಅಚ್ಚಿನಲ್ಲಿಯೂ ಮಿನುಗುವ ಅಚ್ಚಿನಲ್ಲಿಯೂ ಹೊರತರುತ್ತಾರೆ. ಬೆಲೆಯಲ್ಲಿ ನೂರು ಪಟ್ಟು ಅಂತರವಿರಬಹುದು, ಆಟದಲ್ಲಿ ಎಳ್ಳಷ್ಟೂ ಇಲ್ಲ. 2021ರಲ್ಲಿ ಒಂದೇ ಒಂದು ಪೋಕೆಮಾನ್ ಎಲೆ 50 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಕೈಬದಲಿಸಿತು. ಅದು ಸಂಗ್ರಾಹಕರ ಲೋಕ. ಆಟದ ಮೇಜಿಗೂ ಅದಕ್ಕೂ ಸಂಬಂಧವಿಲ್ಲ.

ಹೀಗಿರುವಲ್ಲಿ ಶಾಲೆಯ ಮುಂದೆ ಎರಡು ದಾರಿಗಳಿವೆಯೆಂದು ತೋರುತ್ತದೆ: ನಿಷೇಧಿಸುವುದು, ಇಲ್ಲವೆ ಕಂಡೂ ಕಾಣದಂತಿರುವುದು. ಎರಡರಿಂದಲೂ ಹಾನಿಯೇ. ನಿಷೇಧಿಸಿದರೆ ಆಟ ಶಾಲೆಯ ಹಿಂಬದಿಯ ಗೋಡೆಯ ಮರೆಗೆ ಹೋಗುತ್ತದೆ. ಅಲ್ಲಿ ಎಲೆಯನ್ನೇ ಪಣವಾಗಿ ಒಡ್ಡುವ ಚಾಳಿ ಮೊಳೆಯಲು ಬಹುಕಾಲ ಬೇಡ. ಕಂಡೂ ಕಾಣದಂತಿದ್ದರೆ ವ್ಯಾಪಾರಸ್ಥರ ಮಗ ಗೆಲ್ಲುತ್ತಾನೆ, ಕೂಲಿಕಾರರ ಮಗ ಸೋಲುತ್ತಾನೆ, ಮತ್ತು ಸೋತವನು ತನ್ನ ಬುದ್ಧಿಯೇ ಕಡಮೆಯೆಂದು ನಂಬುತ್ತಾನೆ. ಎಲೆಗಳ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಮಗುವೊಂದು ತಿಳಿಯುವಂತಾದರೆ ಅದಕ್ಕಿಂತ ದೊಡ್ಡ ಅನ್ಯಾಯವನ್ನು ಶಾಲೆ ಎಸಗಲಾರದು.

ಮೂರನೆಯ ದಾರಿಯೊಂದುಂಟು. ಕಟ್ಟುಗಳು ಮಕ್ಕಳ ಸ್ವತ್ತಾಗಿರದೆ ಗ್ರಂಥಾಲಯದ ಸ್ವತ್ತಾಗಿರಲಿ. ಪುಸ್ತಕ, ಭೂಪಟಗಳನ್ನು ಹೇಗೋ ಹಾಗೆ ಎಂಟು ಕಟ್ಟುಗಳನ್ನೂ ಬಿಡಿ ಎಲೆಗಳ ಒಂದು ಪೆಟ್ಟಿಗೆಯನ್ನೂ ದಾನಿಗಳು ಒದಗಿಸಲಿ; ಪೊಟ್ಟಣ ಕೊಳ್ಳದೆ ಬೇಕಾದ ಸಾದಾ ಎಲೆಗಳನ್ನು ಬಿಡಿಯಾಗಿ ಕೊಂಡರೆ ಖರ್ಚು ಮಿತವಾಗಿಯೇ ಇರುತ್ತದೆ. ಪೆಟ್ಟಿಗೆಯಿಂದ ಎಲೆ ಪಡೆದು ಕಟ್ಟು ಕಟ್ಟಿ, ಆಡಿ, ಬಿಚ್ಚಿ ಹಿಂದಿರುಗಿಸುವುದು ನಿಯಮವಾಗಲಿ. ಎಲ್ಲರಿಗೂ ಒಂದೇ ಪೆಟ್ಟಿಗೆಯಾದಾಗ ಗೆದ್ದವನು ಬುದ್ಧಿಯಿಂದಲೇ ಗೆದ್ದನೆಂದು ಧೈರ್ಯವಾಗಿ ಹೇಳಬಹುದು. ಪೆಟ್ಟಿಗೆಯಲ್ಲಿಲ್ಲದ ಎಲೆಯನ್ನು ಅಭ್ಯಾಸಕ್ಕೆಂದು ಕಾಗದದ ಮೇಲೆ ಬರೆದುಕೊಂಡರೂ ನಡೆದೀತು. ಅಧಿಕೃತ ಪಂದ್ಯಾವಳಿಗೆ ಮಾತ್ರ ಅಸಲು ಎಲೆಯೇ ಬೇಕು.

ಶಾಲೆಯೊಳಗಿನ ಪಂದ್ಯಕ್ಕೆ ಸೋತವನನ್ನು ಮನೆಗೆ ಕಳುಹಿಸುವ ಪದ್ಧತಿ ತಕ್ಕುದಲ್ಲ. ಹದಿನಾರು ಮಕ್ಕಳಲ್ಲಿ ಎಂಟು ಮಂದಿ ಅರ್ಧ ಗಂಟೆಯಲ್ಲಿ ಕಟ್ಟೆಯ ಮೇಲೆ ಕೂರುವಂತಾದರೆ ಕಲಿಕೆ ಎಲ್ಲಿಯದು? 1895ರಲ್ಲಿ ಜೂರಿಚ್ ನಗರದ ಚದುರಂಗ ಪಂದ್ಯದಲ್ಲಿ ಮೊದಲು ಬಳಕೆಗೆ ಬಂದ ಸ್ವಿಸ್ ಪದ್ಧತಿಯನ್ನೇ ಎಲೆಯಾಟದ ಪಂದ್ಯಾವಳಿಗಳೂ ಅನುಸರಿಸುತ್ತವೆ. ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕ ಪಡೆದವರು ಎದುರುಬದುರಾಗುತ್ತಾರೆ, ಯಾರೂ ಹೊರಬೀಳುವುದಿಲ್ಲ. ಹದಿನಾರು ಮಂದಿಗೆ ನಾಲ್ಕು ಸುತ್ತುಗಳು ಸಾಕು. ಡ್ರಾ ಆಗದಿದ್ದರೆ ಸೋಲಿಲ್ಲದವನು ಒಬ್ಬನೇ ಉಳಿಯುತ್ತಾನೆ, ಕೊನೆಯವನೂ ನಾಲ್ಕು ಆಟ ಆಡಿರುತ್ತಾನೆ. ಶನಿವಾರ ಮಧ್ಯಾಹ್ನದ ಎರಡು ಗಂಟೆಗಳ ಕೆಲಸ. ಕಬಡ್ಡಿ, ಖೋಖೋಗಳ ವೇಳೆಯನ್ನು ಇದಕ್ಕಾಗಿ ಕಡಿಯುವ ಅಗತ್ಯವಿಲ್ಲ, ಕಡಿಯಲೂ ಬಾರದು. ಮೈಗೆ ಮಣ್ಣು ಮೆತ್ತದ ಬಾಲ್ಯವೂ ಬಾಲ್ಯವಲ್ಲ.

ಎಲೆಗಳ ಮೇಲಿನ ಬರಹ ಇಂಗ್ಲಿಷಿನದು, ಕನ್ನಡ ಮಾಧ್ಯಮದ ಮಕ್ಕಳು ಹೇಗೆ ಓದಿಯಾರು ಎಂಬ ಆಕ್ಷೇಪವೊಂದು ಉಳಿಯುತ್ತದೆ. ಅದು ನ್ಯಾಯವಾದುದೇ. ಆದರೆ ಒಂದೊಂದು ಎಲೆಯಲ್ಲಿರುವುದು ಎರಡು ಮೂರು ವಾಕ್ಯ ಮಾತ್ರ, ಅದೂ ನಿಯಮದ ಭಾಷೆಯಲ್ಲಿ: ಇಂಥದು ನಡೆದಾಗ ಇಂಥದನ್ನು ಮಾಡತಕ್ಕದ್ದು, ಒಂದು ಸರದಿಗೆ ಒಮ್ಮೆ ಮಾತ್ರ, ಎಂದು ಮೊದಲಾಗಿ. ಒಂಬತ್ತನೆಯ ತರಗತಿಯ ಮಕ್ಕಳು ಇಂಗ್ಲಿಷ್ ಅಧ್ಯಾಪಕರ ನೆರವಿನಿಂದ ಇವನ್ನು ಕನ್ನಡಿಸಿ, ಸಣ್ಣ ಚೀಟಿಗಳಲ್ಲಿ ಬರೆದು, ಎಲೆಯನ್ನು ರಕ್ಷಿಸುವ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಲೆಯ ಮುಂದೆಯೇ ಸೇರಿಸಿಡಬಹುದು. ‘ಮಾಡಬಹುದು’ ಎಂಬುದಕ್ಕೂ ‘ಮಾಡಬೇಕು’ ಎಂಬುದಕ್ಕೂ ಇರುವ ವ್ಯತ್ಯಾಸದಿಂದ ಒಂದು ಆಟ ಗೆದ್ದ ಅಥವಾ ಸೋತ ಬಾಲಕನಿಗೆ ವ್ಯಾಕರಣದ ಆ ಪಾಠವನ್ನು ಎರಡನೆಯ ಸಲ ಹೇಳಿಕೊಡಬೇಕಾಗದು.