ಅಥೆನ್ಸಿನಲ್ಲಿ ಉಪ್ಪಿಟ್ಟು

“ಗ್ರೀಸಿಗೆ ಹೋಗಿ ಬಂದಿರಂತೆ, ಊಟಕ್ಕೇನು ಮಾಡಿದಿರಿ?”

ಬೊಮ್ಮಸಂದ್ರಕ್ಕೆ ಹಿಂದಿರುಗಿದ ಮೇಲೆ ನಮ್ಮಿಬ್ಬರನ್ನು ಕಂಡವರೆಲ್ಲ ಕೇಳಿದ ಮೊದಲನೆಯ ಪ್ರಶ್ನೆ ಇದು. ಬಹುಮಂದಿಗೆ ಎರಡನೆಯ ಪ್ರಶ್ನೆಯೇ ಇರಲಿಲ್ಲ. ಕೇಳಿದವರಲ್ಲಿ ಎಂಜಿನಿಯರುಗಳಿದ್ದರು, ಬ್ಯಾಂಕಿನವರಿದ್ದರು, ಇತಿಹಾಸದ ಅಧ್ಯಾಪಕರೊಬ್ಬರೂ ಇದ್ದರು. ಇದು ಬರಿಯ ಕುಶಲಪ್ರಶ್ನೆ, ಇಷ್ಟಕ್ಕೇಕೆ ಮುನಿಸು ಎಂದು ಓದುಗರು ಹೇಳಬಹುದು. ನಾನು ಒಪ್ಪುವುದಿಲ್ಲ. ನಮ್ಮ ಮಧ್ಯಮ ವರ್ಗದವರು ಸಾಲ ಮಾಡಿಯಾದರೂ ಕೈಗೊಳ್ಳುವ ವಿದೇಶ ಪ್ರವಾಸ ಎಷ್ಟು ಟೊಳ್ಳೆಂಬುದಕ್ಕೆ ಈ ಪ್ರಶ್ನೆಯೇ ಸಾಕ್ಷಿ ಎಂದು ನನ್ನ ವಾದ.

ನಾವು ಹೋದದ್ದು ಮೂವತ್ತು ಮಂದಿಯ ಗುಂಪಿನಲ್ಲಿ. ಅಥೆನ್ಸಿನಲ್ಲಿ ನಾಲ್ಕು ದಿನ. ಪ್ರವಾಸ ಏರ್ಪಡಿಸಿದವರ ಕರಪತ್ರದಲ್ಲಿ ಅಕ್ರೊಪೊಲಿಸ್ ಎಂಬ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದುದು “ದಿನವೂ ಭಾರತೀಯ ಭೋಜನ” ಎಂಬ ಆಶ್ವಾಸನೆ. ಅದೂ ಸಾಲದೆಂದು ಒಬ್ಬೊಬ್ಬರ ಪೆಟ್ಟಿಗೆಯಲ್ಲೂ ಚಟ್ನಿಪುಡಿ, ಅವಲಕ್ಕಿ, ಬಿಸಿನೀರು ಹುಯ್ದರೆ ಉಪ್ಪಿಟ್ಟಾಗುವ ಪೊಟ್ಟಣಗಳು. ಒಂದು ಬೆಳಿಗ್ಗೆ ಪಕ್ಕದ ಮೇಜಿನವರು ಬಿಟ್ಟುಹೋದ ಖಾಲಿ ಪೊಟ್ಟಣವನ್ನು ನನ್ನಾಕೆ ತಿರುಗಿಸಿ ನೋಡಿದಳು. ತಯಾರಾದ ಸ್ಥಳ: ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ. “ನೋಡಿದಿರಾ, ನಮಗಿಂತ ಮೊದಲೇ ಬಂದು ಕೂತಿದೆ,” ಎಂದಳು.

ಅಕ್ರೊಪೊಲಿಸಿನ ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ದೇವರ ರಂಗಸ್ಥಳವಿದೆ. ಈಗ ಕಾಣುವ ಕಲ್ಲಿನ ಆಸನಗಳು ತರುವಾಯದವು, ಆದರೆ ಕ್ರಿ.ಪೂ. ೪೭೨ರಲ್ಲಿ ಈಸ್ಕಿಲಸನ ‘ಪಾರಸಿಕರು’ ಪ್ರಯೋಗಗೊಂಡದ್ದು ಅಲ್ಲಿಯೇ. ಅದಕ್ಕೆ ಎಂಟೇ ವರ್ಷ ಮುಂಚೆ ಪಾರಸಿಕರ ದಂಡು ಅಥೆನ್ಸನ್ನು ಸುಟ್ಟು ಹಾಕಿತ್ತು; ಸಾಲಮಿಸಿನ ಕಡಲಿನಲ್ಲಿ ಸೋತು ಹಿಂದಿರುಗಿತ್ತು. ಈಸ್ಕಿಲಸ್ ತಾನೇ ಮ್ಯಾರಥಾನಿನಲ್ಲಿ ಕಾದಿದವನು, ಒಡಹುಟ್ಟಿದವನನ್ನು ಆ ಯುದ್ಧದಲ್ಲಿ ಕಳೆದುಕೊಂಡವನು. ಅಂಥವನು ಬರೆದ ನಾಟಕದಲ್ಲಿ ಗ್ರೀಕರ ಪಾತ್ರ ಒಂದೂ ಇಲ್ಲ. ನಡೆಯುವುದೆಲ್ಲ ಶತ್ರುವಿನ ರಾಜಧಾನಿಯಲ್ಲಿ. ಯುದ್ಧದ ಸುದ್ದಿಗಾಗಿ ಕಾಯುವ ರಾಜಮಾತೆ, ಹರಿದ ಬಟ್ಟೆಯಲ್ಲಿ ಮನೆಗೆ ಬರುವ ಸೋತ ಮಗ. ಮನೆ ಸುಟ್ಟುಕೊಂಡ ಜನ ಗುಡ್ಡದ ಮೇಲೆ ಕುಳಿತು, ಸುಟ್ಟವರ ತಾಯಿಯ ಸಂಕಟವನ್ನು ನೋಡಿದರು. ಆ ವರ್ಷದ ಬಹುಮಾನವನ್ನೂ ಕೊಟ್ಟರು.

ಇದನ್ನು ಬಿ.ಎಂ.ಶ್ರೀ.ಯವರು ೧೯೩೫ರಲ್ಲಿ ಕನ್ನಡಕ್ಕೆ ತಂದರು. ಅದಕ್ಕೂ ಮುಂಚೆ, ೧೯೨೯ರಲ್ಲಿ, ಸಾಫೊಕ್ಲಿಸನ ಏಜಾಕ್ಸನನ್ನು ‘ಅಶ್ವತ್ಥಾಮನ್’ ಆಗಿ ಹಳಗನ್ನಡದಲ್ಲಿ ನಿಲ್ಲಿಸಿದ್ದರು. ಒಂದರಲ್ಲಿ ಅತಿಥಿಯನ್ನು ಅವನ ಉಡುಪಿನಲ್ಲೇ ಬರಮಾಡಿಕೊಂಡರು, ಇನ್ನೊಂದರಲ್ಲಿ ನಮ್ಮ ಪಂಚೆ ಉಡಿಸಿದರು. ಎರಡರಲ್ಲೂ ಬಾಗಿಲು ತೆರೆದಿತ್ತು.

ಹದಿನೆಂಟು ವರ್ಷ ಈ ಪಾಠ ಹೇಳಿದ ನನಗೆ ಆ ರಂಗಸ್ಥಳದಲ್ಲಿ ಕೂರಲು ಸಿಕ್ಕ ಅವಧಿ ಹತ್ತು ನಿಮಿಷ. ಬಸ್ಸು ಕಾಯುತ್ತಿತ್ತು, ಅಡುಗೆ ಆರಿಹೋಗುತ್ತಿತ್ತು. ಭಾರತೀಯ ಭೋಜನಶಾಲೆ ತಲುಪಲು ಮುಕ್ಕಾಲು ಗಂಟೆ, ಉಣ್ಣಲು ಒಂದೂವರೆ ಗಂಟೆ. ಏನು ಉಂಡೆವು? ಪನೀರು, ನಾನು, ಕೆಂಪು ಬಣ್ಣದ ಒಂದು ಗೊಜ್ಜು. ನಮ್ಮ ಗುಂಪಿನ ಯಾರ ಮನೆಯಲ್ಲೂ ದಿನನಿತ್ಯ ಮಾಡದ ಅಡುಗೆ! ತವರಿನ ರುಚಿಗಾಗಿ ಈಸ್ಕಿಲಸನನ್ನು ಬಿಟ್ಟೆವೆಂದರೆ ಒಂದು ಅರ್ಥವಿತ್ತು.

“ಸಸ್ಯಾಹಾರಿಗಳು ಏನು ಮಾಡಬೇಕು ಸ್ವಾಮಿ?” ಎಂಬ ಆಕ್ಷೇಪ ನನಗೆ ಗೊತ್ತು. ನಾವೂ ಸಸ್ಯಾಹಾರಿಗಳೇ. ಯಾರೂ ನೇಮ ಮುರಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಗ್ರೀಸಿನ ಸಾಂಪ್ರದಾಯಿಕ ಕ್ರೈಸ್ತರಿಗೆ ಈಸ್ಟರಿಗೆ ಮುಂಚಿನ ದಿನಗಳಲ್ಲದೆ ವಾರವಾರದ ಬುಧವಾರ, ಶುಕ್ರವಾರಗಳೂ ಉಪವಾಸದ ದಿನಗಳು. ಮಾಂಸ, ಮೊಟ್ಟೆ, ಹಾಲು ವರ್ಜ್ಯ. ಆ ಅಡುಗೆಗೆ ‘ನಿಸ್ತಿಸಿಮಾ’ ಎಂಬ ಹೆಸರೇ ಇದೆ. (ಕಡಲಿನ ಚಿಪ್ಪುಜೀವಿಗಳಿಗೆ ವಿನಾಯಿತಿಯುಂಟು, ಕೇಳಿಕೊಂಡು ತಿನ್ನಬೇಕು.) ಏಕಾದಶಿಯ ಅಡುಗೆ ಬಲ್ಲ ನಮಗೆ ಇದು ಪರದೇಶದ ವಿಷಯವೆ?

ಮೂರನೆಯ ರಾತ್ರಿ ನಾವಿಬ್ಬರೂ ಬಸ್ಸು ಹತ್ತಲಿಲ್ಲ. ಪ್ಲಾಕಾ ಎಂಬ ಹಳೆಯ ಪೇಟೆಯ ಓಣಿಯೊಂದರಲ್ಲಿ, ಮೆಟ್ಟಿಲ ಮೇಲೆ ಮೇಜು ಹಾಕಿದ್ದ ಸಣ್ಣ ಊಟದ ಮನೆಯಲ್ಲಿ ಕುಳಿತೆವು. ಮೊದಲು ಬಂದದ್ದು ‘ಫಾವಾ’: ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ನನ್ನಾಕೆ ಒಂದು ತುತ್ತು ಬಾಯಿಗಿಟ್ಟು, “ಒಗ್ಗರಣೆ ಮರೆತ ತೊವ್ವೆ ಕಣ್ರೀ,” ಎಂದಳು. ಆಮೇಲೆ ಅಕ್ಕಿ ತುಂಬಿದ ದ್ರಾಕ್ಷಿ ಎಲೆಯ ಸುರುಳಿ. ಕಡೆಗೆ ‘ಹೊರ್ತಾ’, ಎಂದರೆ ಬೇಯಿಸಿದ ಕಾಡುಸೊಪ್ಪು, ಎಣ್ಣೆ, ನಿಂಬೆಹುಳಿ. ಆನೇಕಲ್ ಸೀಮೆಯ ಹೆಣ್ಣುಮಗಳಿಗೆ ಸೊಪ್ಪು ಕಂಡರೆ ಸುಮ್ಮನಿರಲಾಗುವುದೆ? ಬಸಿದ ನೀರನ್ನು ಏನು ಮಾಡುತ್ತೀರಿ ಎಂದು ಬಡಿಸುವವನನ್ನು ಕೇಳಿದಳು. ಅವನಿಗೆ ತಿಳಿಯಲಿಲ್ಲ. ಒಳಗಿನಿಂದ ಒಬ್ಬ ಮುದುಕಿ ಬಂದಳು. ಬಟ್ಟಲು ಎತ್ತಿದಂತೆ, ನಿಂಬೆ ಹಿಂಡಿದಂತೆ, ಕುಡಿದಂತೆ ಕೈಯಲ್ಲಿ ಅಭಿನಯಿಸಿ ತೋರಿಸಿದಳು. ಚೆಲ್ಲುವುದಿಲ್ಲ! ನನ್ನಾಕೆ ಅಷ್ಟೇ ಅಭಿನಯದಲ್ಲಿ ಬಸ್ಸಾರು ಮಾಡುವ ಬಗೆಯನ್ನು ವಿವರಿಸಿದಳು. ನಾಲ್ಕು ದಿನದಲ್ಲಿ ನಾವು ಗ್ರೀಸಿನ ಒಂದು ಜೀವದೊಡನೆ ಮಾತಾಡಿದ್ದು ಅದೊಂದೇ ಸಲ.

ಮರುದಿನ ಗುಂಪಿನಲ್ಲಿ, “ದುಡ್ಡು ಕಟ್ಟಿದ ಊಟ ಬಿಟ್ಟಿರಲ್ಲ ಮೇಷ್ಟ್ರೇ!” ಎಂಬ ಮರುಕ.

ಇನ್ನು, “ಹಂಪೆ ಬಿಟ್ಟು ಅಥೆನ್ಸಿಗೇಕೆ ಹೋಗಬೇಕಿತ್ತು?” ಎನ್ನುವ ದೇಶಾಭಿಮಾನಿಗಳಿದ್ದಾರೆ. ಇವರಿಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನ ಹೆಸರನ್ನು ಹೇಳುವ, ಕ್ರಿ.ಶ. ೮೯೦ರ ಸುಮಾರಿನ ಶಾಸನ ಇಲ್ಲೇ ಹತ್ತಿರದ ಬೇಗೂರಿನಲ್ಲಿದೆ. ನನ್ನನ್ನು ಹೀಗೆ ಕೇಳಿದ ಮೂವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಮನೆಯೊಳಗೇ ಕುಳಿತವರಿಗೂ ಮನೆಯನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುವವರಿಗೂ ಹೆಚ್ಚಿನ ಅಂತರ ನನಗೆ ಕಾಣದು.

ಆದರೆ ನನ್ನ ಬಾಯಿಗೂ ಬೀಗ ಹಾಕುವ ಸಂಗತಿ ಒಂದಿದೆ. ನಮ್ಮ ಕೈಗಾರಿಕಾ ಪ್ರದೇಶದ ಹಿಂಬದಿಯ ರಸ್ತೆಯಲ್ಲಿ ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕರು ಉಣ್ಣುವ ತಗಡಿನ ಮಾಡಿನ ಅಂಗಡಿಗಳಿವೆ. ಹತ್ತು ವರ್ಷದಿಂದ ದಿನವೂ ಅವುಗಳ ಮುಂದೆ ಹಾದುಹೋಗಿದ್ದೇನೆ. ಒಂದರೊಳಗೂ ಕಾಲಿಟ್ಟಿಲ್ಲ, ಅಲ್ಲಿ ಏನು ಬೇಯುತ್ತದೆಂದು ಕೇಳಿಯೂ ಇಲ್ಲ. ಪ್ಲಾಕಾದ ಮುದುಕಿಯ ಕಥೆಯನ್ನು ನಾನು ಉತ್ಸಾಹದಿಂದ ಹೇಳುತ್ತಿರುವಾಗ ನನ್ನಾಕೆ ಇದನ್ನು ನೆನಪಿಸಿದಳು.

ಕಳೆದ ಭಾನುವಾರ ನೆರೆಮನೆಯ ದಂಪತಿಗಳು ಬಂದಿದ್ದರು. ಮುಂದಿನ ತಿಂಗಳು ಅವರೂ ಅದೇ ಕಂಪನಿಯ ಮೂಲಕ ಅಥೆನ್ಸಿಗೆ ಹೊರಟಿದ್ದಾರೆ. ಡಯೊನೈಸಸ್ ರಂಗಸ್ಥಳ, ಪ್ಲಾಕಾದ ಓಣಿ, ಸೊಪ್ಪಿನ ನೀರು, ಎಲ್ಲವನ್ನೂ ಒಂದು ಗಂಟೆ ವಿವರಿಸಿದೆ. ಮಹಾನುಭಾವರು ಸಾವಧಾನವಾಗಿ ಕೇಳಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, “ಚಟ್ನಿಪುಡಿ ಅಲ್ಲಿಯ ಹವೆಗೆ ಎಷ್ಟು ದಿನ ಕೆಡೋಲ್ಲ ಸಾರ್?” ಎಂದರು.